‘ಒಂದ ವಿಮಾನನೂ ತಡ ಆಗಿಲ್ಲ ನೋಡ್ರಿ!’: ಕವಲಾಪುರದ ರನ್‌ವೇ ಜೊತೆ ಮಾತುಕತೆ

ಸಾಂಗಲಿಯಿಂದ ತಾಸಗಾಂವ್ ಕಡೆ ಹೊರಟರೆ ಕವಲಾಪುರ ಸಿಗುತ್ತದೆ. ಊರು ಗಜ್ಜರಿಗೆ ಹೆಸರುವಾಸಿ, ಅಲ್ಲಿಯ ಹಳೆಯ ವಿಮಾನಪಟ್ಟಿ ಭರವಸೆಗಳಿಗೆ. ಸುಮಾರು 160 ಎಕರೆಯಲ್ಲಿ ಕಾಲು ಚಾಚಿ ಮಲಗಿದ್ದ ರನ್‌ವೇ, ಮಿರಜ್ ಆಸ್ಪತ್ರೆಗಳಿಗೆ ಬರುವ ಅಥಣಿ, ಕಾಗವಾಡದ ಮಂದಿಯಿಂದ ಕಲಿತ ಕನ್ನಡದಲ್ಲೇ ಮಾತಿಗಿಳಿಯಿತು.

ಪ್ರಶ್ನೆ: ಹೇಗಿದ್ದೀರಿ?

ರನ್‌ವೇ: ಭಾಳ ಆರಾಮ. ಒಂದ ವಿಮಾನನೂ ತಡ ಆಗಿಲ್ಲ, ಒಬ್ಬರ ಸಾಮಾನೂ ಕಳದಿಲ್ಲ, ಒಬ್ಬ ಪ್ರಯಾಣಿಕನೂ ತಕರಾರ ಬರದಿಲ್ಲ. ಇಂಥಾ ದಾಖಲೆ ಮುಂಬಯಿಗಾದ್ರೂ ಐತೇನ್ರಿ?

ಪ್ರಶ್ನೆ: ವಿಮಾನ ಬರುವುದು ನಿಂತೇ ದಶಕಗಳಾದವಲ್ಲ?

ರನ್‌ವೇ: ಅದಕ್ಕ ದಾಖಲೆ ಉಳದೈತಿ! ಪರೀಕ್ಷಾಕ್ಕ ಕೂಡದಾಂವ ನಪಾಸ ಹ್ಯಾಂಗ ಆಗತಾನ?

ಪ್ರಶ್ನೆ: ಪಕ್ಕದ ಕೊಲ್ಲಾಪುರಕ್ಕೆ 1939ರಲ್ಲೇ ವಿಮಾನ ನಿಲ್ದಾಣ ಬಂತು. ಬೆಳಗಾವಿಯ ಸಾಂಬ್ರಾ ಇದೆ. 2019ರಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗವೂ ಹಾರಿದವು. ಹೊಟ್ಟೆಕಿಚ್ಚಿಲ್ಲವೆ?

ರನ್‌ವೇ: ಯಾತಕ್ಕ? ಅವಕ್ಕ ದಿನಾ ದುಡಿಮಿ. ನನಗ ಇಲೆಕ್ಷನ್ ಬಂದಾಗಷ್ಟ ಡ್ಯೂಟಿ. ಒಂದ ಭಾಷಣ, ನಾಕ ಫೋಟೊ, ಮುಗೀತು. ಊರಾಗಿನ ರೈತರು ಮಣ್ಣಾಗ ಗಜ್ಜರಿ ಬೆಳೀತಾರ, ಮುಖಂಡರು ನನ್ನ ಮ್ಯಾಲ ನಿಂತು ಗಜ್ಜರಿ ತೋರಸ್ತಾರ. ರೈತರದ್ದು ಮಾರಾಕ ಸಂತಿಗೆ ಹೋಗಬೇಕು, ಇವರದ್ದು ನಿಂತಲ್ಲೇ ಖರ್ಚಾಗತೈತಿ.

ಪ್ರಶ್ನೆ: ಸಾಂಗಲಿಯ ಅರಿಶಿನ 2018ರಲ್ಲಿ ಜಿಐ ಮಾನ್ಯತೆ ಪಡೆಯಿತು, ಮಿರಜಿನ ಸಿತಾರ್ 2024ರಲ್ಲಿ. ನೀವು?

ರನ್‌ವೇ: ಅವು ದುಡದು ಹೆಸರ ಮಾಡಿದ್ವು, ನಾ ದುಡೀದನ ಮಾಡೀನಿ. ಶ್ಯಾಣ್ಯಾ ಯಾರು?

ಪ್ರಶ್ನೆ: ಕತ್ತಿ ಮಾಡುತ್ತಿದ್ದ ಮಿರಜಿನ ಶಿಕಲಗಾರರು ವಾದ್ಯ ಮಾಡಲು ಕಲಿತರು. ಇಂದಿಗೂ ಒಂದು ಸಿತಾರು ಕೈಯಿಂದ ಬಿಡುವ ಮುನ್ನ ಮೀಟಿ ಕೇಳಿ, ಸ್ವರ ಸರಿಯಿಲ್ಲದಿದ್ದರೆ ಮತ್ತೆ ಉಜ್ಜುತ್ತಾರೆ. ನಿಮಗೆ ನಿಮ್ಮ ಕೊರತೆ ಎಂದೂ ಕಂಡಿಲ್ಲವೆ?

ರನ್‌ವೇ: ಅವರ ತ್ರಾಸ ಅದ ನೋಡ್ರಿ, ತಂತಿ ಮೀಟತಾರ. ಮೀಟಿದರ ಅಪಸ್ವರ ಗೊತ್ತಾಗತೈತಿ. ನಾ ಮೀಟಾಕ ಬಿಡೂದಿಲ್ಲ.

ಪ್ರಶ್ನೆ: ಮಿರಜಿಗೆ ರೋಗಿಯನ್ನು ತುರ್ತಾಗಿ ತರಬೇಕಾದವರಿಗೆ ಏನು ಹೇಳುತ್ತೀರಿ?

ರನ್‌ವೇ: (ಮೊದಲ ಸಲ ತಡವರಿಸಿ) ಮಿರಜ್ ಜಂಕ್ಷನ್ ಐತಲ್ಲ... ಬಸ್ಸೂ ಅದಾವು.

ಓದುಗರೇ, ನಿಮ್ಮೂರಿನಲ್ಲೂ ಯಾವುದಾದರೂ ಸಂಸ್ಥೆ, ಸಮಿತಿ, ಕಚೇರಿ ‘ನಮ್ಮಲ್ಲಿ ಒಂದೂ ದೂರಿಲ್ಲ’ ಎಂದು ಬೀಗಿದರೆ, ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಕೆಲಸ ಒಂದಾದರೂ ಆಗಿದೆಯೆ?