ಗಾಡಿ ಮುಟ್ಟಿದ್ರ ಕೇಸ್ ಹೋತು!

ಶಹಾಬಾದ್ ಕಲ್ಲು ಹೊರಲೆಂದು ಕೊಂಡ ಹೊಸ ಗೂಡ್ಸ್ ಆಟೋ ವಾಡಿ ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲುತ್ತಿತ್ತು. ಮಾಲೀಕ ಚಿತ್ತಾಪುರದ ವಕೀಲರೆದುರು ಕುಳಿತ.

“ಸರ್ವಿಸ್ ಸೆಂಟರಿನ ರಿಪೇರಿ ಜಾಬ್ ಕಾರ್ಡ್ ಎಲ್ಲದ?”

“ನಿಂಬಿಹಣ್ಣು ಕಟ್ಟೀನ್ರಿ.”

“ಗ್ರಾಹಕ ಆಯೋಗ ನಿಂಬಿಹಣ್ಣು ನೋಡಂಗಿಲ್ಲ. ಎಷ್ಟು ಸಲ ರಿಪೇರಿ?”

“ಒಂಬತ್ತು. ಪ್ರತಿ ಸಲ ‘ಎಲ್ಲಾ ಸರಿ ಅದ’ ಅಂತ ಸಹಿ ಹಾಕಿಸ್ಕೊಂಡ್ರು.”

“ಹಾಕಿದಿ?”

“ಚಾ ಕೊಟ್ಟಿದ್ರು ರೀ.”

ವಕೀಲರು ಕನ್ನಡಕ ತೆಗೆದರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 2 ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. (ಕೊನೆಯದನ್ನು ಅವರು ಕೆಮ್ಮುತ್ತ ಹೇಳಿದರು.)

“ಮಧ್ಯಸ್ಥಿಕೆಗೇ ಹೋಗಬೇಕಂತ ಬಿಲ್ಲಿನ ಹಿಂದ ಬರ್ದಾರಲ್ರಿ?”

“ಬರೀಲಿ. ಅಂಥ ಷರತ್ತು ಗ್ರಾಹಕರ ದಾರಿ ಕಟ್ಟಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಾಗೇ ಹೇಳ್ಯಾದ. ಗಾಡಿ ಯಾರು ಹೊಡೀತಾರ?”

“ನಾನೇ.”

“ಬಚಾವ್! ಸ್ವಂತ ದುಡಿಮಿಗಿ ಕೊಂಡವ ಗ್ರಾಹಕ. ಹತ್ತು ಗಾಡಿ ಇಟ್ಟು ಸೇಡಂ, ಚಿಂಚೋಳಿಗೆ ಡ್ರೈವರ್ ಕಳಿಸೋ ಸಾಹುಕಾರ ಅಲ್ಲ.”

“ವಿಚಾರಣೆ ದಿನ ಗಾಡಿ ಕಲಬುರಗಿಗೆ ಹೊಡ್ಕೊಂಡು ಬರ್ಲೇನ್ರಿ?”

“ಮುಟ್ಟಿಬಿಟ್ರ ಕೇಸ್ ಹೋತು!”

ದೋಷ ಕಣ್ಣಿಗೆ ಕಾಣದಿದ್ದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಆಗ ಎದುರಾಳಿಗೆ ನೋಟಿಸ್ ಮುಟ್ಟಿದ 5 ತಿಂಗಳೊಳಗೆ ತೀರ್ಮಾನವಾಗಬೇಕೆನ್ನುತ್ತದೆ ಕಾಯಿದೆ. ಮಾಲೀಕ ಜಾಬ್ ಕಾರ್ಡ್‌ಗಳನ್ನು ಚೀಲಕ್ಕೆ ತುರುಕಿ, ಕಲಬುರಗಿಗೆ ಬಸ್ಸಿನಲ್ಲಿ ಹೋದ.