ಪದ್ಮಿನಿಯ ಸಾರು

ನಮ್ಮ ಮಾವನವರ ಪ್ರಕಾರ ಕೂಲೆಂಟ್ ಅಂದರೆ ಹಸಿರು ಬಣ್ಣ ಕಲಸಿದ ನೀರು, ದುಡ್ಡು ಹೆಚ್ಚಾದವರು ಕೊಳ್ಳುವ ವಸ್ತು. ಹಾಗಾಗಿ ಅವರ ಪ್ರೀಮಿಯರ್ ಪದ್ಮಿನಿ ಹುಟ್ಟಾ ಬೋರ್‌ವೆಲ್ ನೀರು ಕುಡಿದೇ ಬೆಳೆಯಿತು. ಇಟಲಿಯ ಫಿಯೆಟ್ 1100 ವಂಶದಲ್ಲಿ ಹುಟ್ಟಿ, 1974ರಲ್ಲಿ ಚಿತ್ತೋಡದ ರಾಣಿಯ ಹೆಸರು ಇಡಿಸಿಕೊಂಡವಳಿಗೆ ನಮ್ಮ ಬೆಂಗಳೂರಿನ ಗಡಸು ನೀರು! ರಾಣಿ ತುಟಿ ಪಿಟಕ್ಕೆನ್ನಲಿಲ್ಲ. ಮಾವನವರು ಅವಳನ್ನು ನನ್ನ ಕೈಗೆ ದಾಟಿಸುವ ತನಕ ಕಾದಿದ್ದು, ಆಮೇಲೆ ಬಾಯಿ ಬಿಟ್ಟಳು. ಅದೂ ಧರ್ಮಸ್ಥಳದಿಂದ ವಾಪಸು ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹಿಡಿದ ಮೇಲೆ. ಮುಂದಿನದು ನಿಮಗೆ ಗೊತ್ತೇ ಇದೆ: ತೆರೆದ ಬಾನೆಟ್ಟು, ಚಕ್ರಕ್ಕೆ ಕೊಟ್ಟ ಕಲ್ಲು, ಹೆಂಡತಿಯ ಮೌನ.

ಹಿಂದೆ ನಿಂತಿದ್ದ ಲಾರಿಯ ಡ್ರೈವರು ಬಗ್ಗಿ ನೋಡಿ, "ರೇಡಿಯೇಟರ್ ಸೋರ್ತಿದೆ ಸಾರ್, ಅರಿಶಿನ ಹಾಕಿದ್ರೆ ನಿಲ್ತದೆ" ಅಂದು, ತಮ್ಮ ಅಡುಗೆ ಡಬ್ಬಿಯಿಂದಲೇ ಪುಡಿ ತಂದುಕೊಟ್ಟರು. ಎಂಜಿನ್ ತಣಿದ ಮೇಲೆ ಸುರಿದೆವು. ಪುಡಿ ನೀರಿನಲ್ಲಿ ಉಬ್ಬಿ ಸಣ್ಣ ತೂತಿಗೆ ಹೋಗಿ ಕೂತಿತು, ಸೋರುವುದು ನಿಂತಿತು. ಅದು ಬೇಡದ ತೂತಿನಲ್ಲೂ ಹೋಗಿ ಕೂರುತ್ತದೆ ಅನ್ನುವುದನ್ನು ಆ ಹೊತ್ತಿನಲ್ಲಿ ಯಾರು ಯೋಚಿಸುತ್ತಾರೆ?

ಊರಿಗೆ ಬಂದ ಮೇಲೆ ಮೆಕ್ಯಾನಿಕ್ ಕ್ಯಾಪ್ ತೆಗೆದು, ಬೆರಳು ಅದ್ದಿ, ಇಟ್ಟಿಗೆ ಬಣ್ಣದ ಆ ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದ. "ಒಳಗೆಲ್ಲಾ ತುಕ್ಕು ಸಾರ್." ಬ್ಲಾಕು ಬೀಡುಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ, ರೇಡಿಯೇಟರು ತಾಮ್ರ-ಹಿತ್ತಾಳೆ. ಜಾತಿ ಬೇರೆ ಬೇರೆಯಾದ ಲೋಹಗಳ ನಡುವೆ ಉಪ್ಪಿನಂಶದ ನೀರು ಓಡಾಡಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ, ಒಂದು ಲೋಹ ಇನ್ನೊಂದರ ಸಲುವಾಗಿ ಸವೆಯುತ್ತದೆ. ಅದರ ಮೇಲೆ ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಗೋಡೆಗೆ ಅಂಟುತ್ತದೆ. ಉದುರಿದ ತುಕ್ಕೆಲ್ಲ ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ ಕೂರುತ್ತದೆ. ಇದನ್ನೆಲ್ಲ ತಡೆಯುವ ಔಷಧಿ ಆ ಹಸಿರು ನೀರಿನಲ್ಲೇ ಇದೆಯಂತೆ. ರೇಡಿಯೇಟರ್ ಇಳಿಸಿ, ಬೆಸುಗೆ ಬಿಡಿಸಿ, ಟ್ಯೂಬ್ ಟ್ಯೂಬಿಗೂ ಕಂಬಿ ಆಡಿಸಬೇಕು ಅಂದ. ಖರ್ಚು ಕೇಳಿ, "ಯೋಚನೆ ಮಾಡಿ ಹೇಳ್ತೀನಪ್ಪ" ಅಂದೆ. ನನ್ನ ಅನುಮಾನಕ್ಕೂ ಕಾರಣವಿತ್ತು. ಹಿಂದೆ ಇನ್ನೊಂದು ಗ್ಯಾರೇಜಿನಲ್ಲಿ ಬಿಲ್ಲಿಗೆ ಕೂಲೆಂಟ್ ಬಿದ್ದಿತ್ತು, ರೇಡಿಯೇಟರಿಗೆ ನಲ್ಲಿ ನೀರು ಬಿದ್ದಿತ್ತು. ಅಂಥವರ ಮೇಲಿನ ಸಿಟ್ಟನ್ನು ಪ್ರಾಮಾಣಿಕನೊಬ್ಬನ ಮೇಲೆ ತೀರಿಸಿಕೊಳ್ಳುವುದು ಗಿರಾಕಿಗಳ ಸಂಪ್ರದಾಯ.

ಮನೆಗೆ ಬಂದರೆ ಅತ್ತೆಯವರು ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ದೀಪ ಫಳಫಳ. ನನ್ನ ತಲೆಯಲ್ಲೂ ಅದೇ ಫಳಫಳ. ರೇಡಿಯೇಟರೂ ಹಿತ್ತಾಳೆಯೇ ತಾನೆ? ಹುಳಿಗೆ ತುಕ್ಕು ಕರಗುವುದೂ ಸುಳ್ಳಲ್ಲ, ಅಂಗಡಿಯಲ್ಲಿ ಸಿಗುವ ಎಷ್ಟೋ ಫ್ಲಶ್‌ಗಳಲ್ಲಿ ಇರುವುದು ನಿಂಬೆ ಉಪ್ಪೇ. ನಾಲ್ಕು ಜನರ ಸಾರಿಗೆ ನಿಂಬೆ ಗಾತ್ರದ ಹುಣಸೆಹಣ್ಣು ಅಂತ ಲೆಕ್ಕ. 1089 ಸಿಸಿ ಎಂಜಿನ್ನಿಗೆ ತೆಂಗಿನಕಾಯಿ ಗಾತ್ರ ತೆಗೆದುಕೊಂಡೆ. ಬಿಸಿನೀರಲ್ಲಿ ನೆನೆಸಿ, ಕಿವುಚಿ, ಹಳೇ ಪಂಚೆಯಲ್ಲಿ ಶೋಧಿಸಿ ಸುರಿದೆ. ಎಂಜಿನ್ ಚೆನ್ನಾಗಿ ಕಾದು ಥರ್ಮೋಸ್ಟಾಟ್ ತೆರೆದರೆ ಮಾತ್ರ ರಸ ಎಲ್ಲ ಕಡೆಗೂ ಹರಿಯುವುದು. ಅದಕ್ಕೇ ಗಾಂಧಿ ಬಜಾರಿನ ಕಡೆ ಒಂದು ಸುತ್ತು ಹೊರಟೆ.

ಸಿಗ್ನಲ್ಲಿನಲ್ಲಿ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಹಬೆಯ ಜೊತೆ, ದೇವರಾಣೆ, ಘಮ ಎದ್ದಿತು. ಹುಣಸೇರಸ ನಾನು ಹಾಕಿದ್ದು, ಅರಿಶಿನ ಘಾಟಿಯದು, ಸುಣ್ಣ ಮತ್ತು ಕಬ್ಬಿಣ ಮಾವನವರ ಇಷ್ಟು ವರ್ಷದ ಕೊಡುಗೆ. ಡಾಕ್ಟರು ಬಸುರಿಯರಿಗೆ ಬರೆದುಕೊಡುವುದೂ ಇದೇ ಕ್ಯಾಲ್ಸಿಯಂ, ಇದೇ ಕಬ್ಬಿಣ. ಹಸಿವಿನ ಹೊತ್ತು ಬೇರೆ. ಪಕ್ಕದ ಆಟೋದವನು ಕತ್ತು ಚಾಚಿ, "ಸಾರ್, ಒಗ್ಗರಣೆ ಒಂದು ಬಾಕಿ" ಅಂದ. ಸ್ಕೂಟರಿನ ಗಂಡ ಇದು ಸಾರು ಅಂದ, ಹಿಂದೆ ಕೂತ ಹೆಂಡತಿ ಗೊಜ್ಜು ಅಂದಳು. ಸಿಗ್ನಲ್ ಹಸಿರಾದರೂ ಆ ವಾದ ಮುಗಿಯಲಿಲ್ಲ, ಹಿಂದಿನವರ ಹಾರನ್ನೂ ನಿಲ್ಲಲಿಲ್ಲ. ಕಾರನ್ನು ಪಕ್ಕಕ್ಕೆ ತಳ್ಳಿಸಿದ ಟ್ರಾಫಿಕ್ ಕಾನ್‌ಸ್ಟೇಬಲ್ಲು ಮೂಗರಳಿಸಿ, ದಂಡ ಯಾವ ಸೆಕ್ಷನ್ನಿನಲ್ಲಿ ಹಾಕುವುದು ಅಂತ ತಿಳಿಯದೆ, "ಇಂಗು ಹಾಕಿಲ್ವಾ?" ಅಂತ ಕೇಳಿದರು. ಫುಟ್‌ಪಾತಿನಲ್ಲಿ ಹೂ ಮಾರುತ್ತಿದ್ದ ಅಜ್ಜಿ ಎದ್ದು ಬಂದು, ಹಬೆಯನ್ನು ಕೈಯಿಂದ ಮುಖಕ್ಕೆ ಎಳೆದುಕೊಂಡು ತೀರ್ಪು ಕೊಟ್ಟಳು: "ಹಸಿ ವಾಸನೆ ಇನ್ನೂ ಹೋಗಿಲ್ಲ ಕಣಪ್ಪ, ಇನ್ನೊಂದು ಕುದಿ ಬರಲಿ."

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ. ಗಾಂಧಿ ಬಜಾರಿನಲ್ಲಿ ನಿಂತು ಹೋಟೆಲುಗಳಿಗೆ ಪೈಪೋಟಿ ಕೊಟ್ಟ ಕಾರು ಇನ್ನೊಂದಿದ್ದರೆ ತೋರಿಸಿ.

ಕಾನ್‌ಸ್ಟೇಬಲ್ಲು ಸಹಾಯ ಮಾಡಲು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದರು. ಅಜ್ಜಿ ಅವರ ಕೈಗೇ ಒಂದು ಬಿಟ್ಟಳು. "ಕುಕ್ಕರು ಇಳಿಯೋಕ್ ಮುಂಚೆ ಮುಚ್ಚಳ ತೆಗೀತಾರೇನಪ್ಪ?" ಇಡೀ ಬೀದಿಯಲ್ಲಿ ಸರಿಯಾದ ವಿಜ್ಞಾನ ಗೊತ್ತಿದ್ದದ್ದು ಅವಳೊಬ್ಬಳಿಗೇ. ಮುಚ್ಚಿದ ಕ್ಯಾಪಿನ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿಯೂ ನೀರಾಗಿಯೇ ಇರುತ್ತದೆ. ತೆರೆದ ಕ್ಷಣ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ಕೊನೆಗೆ ಅದೇ ಮೆಕ್ಯಾನಿಕ್, ಅದೇ ಕಂಬಿ, ಖರ್ಚು ಮಾತ್ರ ಮೊದಲಿಗಿಂತ ಜಾಸ್ತಿ. ಟ್ಯೂಬುಗಳಿಂದ ಅರಿಶಿನದ ಕಲ್ಕ, ಹುಣಸೆ ನಾರು, ತುಕ್ಕಿನ ಹಕ್ಕಳೆ ಹೊರಬಂದವು. ನೀರು ತಿಳಿಯಾಗುವ ತನಕ ತೊಳೆದು, ಅರ್ಧ ಡಿಸ್ಟಿಲ್ಡ್ ವಾಟರು, ಅರ್ಧ ಕೂಲೆಂಟು ತುಂಬಿದ. ತುಂಬುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಗ್ಯಾರೇಜಿನ ನಾಯಿಮರಿ ಬಾಲ ಆಡಿಸಿಕೊಂಡು ಬಂದು ನೆಕ್ಕಲು ಬಾಯಿ ಹಾಕಿತು. ಅದುವರೆಗೆ ನಗುತ್ತಿದ್ದ ಮೆಕ್ಯಾನಿಕ್ ಸ್ಪ್ಯಾನರ್ ಬಿಸಾಕಿ, ಮರಿಯ ಕುತ್ತಿಗೆ ಹಿಡಿದು ಎತ್ತಿ ಒಳಗೆ ಕೂಡಿಹಾಕಿದ. "ಹಿಂದಿನ ಮರಿ ಇದನ್ನೇ ಕುಡಿದು ಹೋಯ್ತು ಸಾರ್." ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಅದೇ ಅದರ ಕೇಡು. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡದಲ್ಲಿ ಹರಳು ಕಟ್ಟಿ ಪ್ರಾಣ ತೆಗೆಯುತ್ತದೆ. ಮಗುವಾದರೂ ಅಷ್ಟೇ, ಬೆಕ್ಕಾದರೂ ಅಷ್ಟೇ.

ಈಗ ಪದ್ಮಿನಿಗೆ ಸೌಖ್ಯ, ಮಾವನವರಿಗೆ ಮುನಿಸು. ನನಗೆ ತಲೆನೋವು ಕೆಳಗಿನ ಮನೆಯವರ ಹೊಸ ಕಾರು. ಪಾರ್ಕಿಂಗಿನಲ್ಲಿ ದಿನಾ ಗುಲಾಬಿ ಹನಿ ಉದುರಿಸುತ್ತದೆ. ಕೇಳಿದರೆ, "ಎಸಿ ನೀರು ಬಿಡಿ ಸಾರ್" ಅನ್ನುತ್ತಾರೆ. ಎಸಿ ನೀರಿಗೆ ಬಣ್ಣ ಇರುವುದಿಲ್ಲ ಸ್ವಾಮಿ! ನಿಮ್ಮ ಕಾರಿನ ಕೆಳಗೂ ಹಸಿರೋ ಗುಲಾಬಿಯೋ ಹನಿ ಕಂಡರೆ ದಯವಿಟ್ಟು ಅವತ್ತೇ ಒರೆಸಿ ತೊಳೆಯಿರಿ, ಸೋರುವುದನ್ನು ಕಟ್ಟಿಸಿ. ಅರಿಶಿನದಲ್ಲಿ ಬೇಡ.