ಹೊಸೂರು ಬಸ್ಸಿನಲ್ಲಿ ಮದುಮಗಳು

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಕಾದಂಬರಿ ಓದಲು ಈ ಬಸ್ಸಿಗಿಂತ ಒಳ್ಳೆಯ ಲೈಬ್ರರಿ ನನಗಂತೂ ಸಿಕ್ಕಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಹೋಗಿಬರುವಷ್ಟರಲ್ಲಿ ಮುಗಿಯಿತು. ಪುಟ್ಟ ಪುಸ್ತಕ, ಬಹಳ ದಿನ ಕಾಡಿತು.

ಅದೇ ಧೈರ್ಯದಲ್ಲಿ ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಅತ್ತಿಬೆಲೆ ದಾಟಿತು, ಚಂದಾಪುರ ದಾಟಿತು, ಕಾದಂಬರಿಯ ನಾಯಿಗುತ್ತಿ ಮಾತ್ರ ತನ್ನ ನಾಯಿ ಹುಲಿಯನ ಜೊತೆ ನಡೆಯುತ್ತಲೇ ಇದ್ದ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು.

“ಪರೀಕ್ಷೆಗಾ ಸಾಮಿ?” ಪಕ್ಕದ ಹೂವಿನ ಅಜ್ಜಿ ಕೇಳಿದರು.

“ಇಲ್ಲಮ್ಮ, ಮದುಮಗಳ ಕಥೆ.”

“ಇಷ್ಟು ದಪ್ಪನಾ! ಮದುವೆ ಆಯ್ತಾ ಹುಡುಗಿಗೆ?”

ಎರಡು ತಿಂಗಳಾಯಿತು. ಅಜ್ಜಿ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ. ಇನ್ನೂ 300 ಪುಟ ಬಾಕಿ ಇದೆ.